ಈರುಳ್ಳಿ ಎಲೆಗೆ ರೋಗ ಬಂದಾಗ ಕೊಟ್ಟಿಗೆಯಲ್ಲೂ ಎಚ್ಚರ ಇರಲಿ



ಪಶುವೈದ್ಯರು ಈರುಳ್ಳಿ ಬೆಳೆಯ ಬಗ್ಗೆ ಯಾಕೆ ಬರೆಯುತ್ತಿದ್ದಾರೆ ಎಂದು ನಿಮಗೆ ಅನಿಸಬಹುದು. ಚಳ್ಳಕೆರೆ, ಹಿರಿಯೂರು, ಹೊಸದುರ್ಗದ ಕಡೆ ಈರುಳ್ಳಿ ಬಿತ್ತುವ ಮನೆಗಳಲ್ಲಿ ಬಹುಪಾಲು ಮನೆಗೆ ಒಂದೆರಡು ಹಸುಗಳೂ ಇವೆ. ಹೊಲದಲ್ಲಿ ಕಳೆ ಕೀಳುವವರು ನೀವು, ಆ ಕಳೆಯನ್ನು ಹೊರೆ ಕಟ್ಟಿ ತಂದು ಹಸುವಿಗೆ ಹಾಕುವವರೂ ನೀವು. ಸಂಜೆ ಕಸ ಬಾಚಿ ತಿಪ್ಪೆಗೆ ಹಾಕುವವರೂ ನೀವೇ. ಮುಂದಿನ ವರ್ಷ ಅದೇ ತಿಪ್ಪೆ ಗೊಬ್ಬರ ಈರುಳ್ಳಿ ಹೊಲಕ್ಕೆ ಹೋಗುತ್ತದೆ. ಹೊಲದ ರೋಗವೂ ಹೊಲಕ್ಕೆ ಹೊಡೆದ ಔಷಧಿಯೂ ಕೊಟ್ಟಿಗೆಗೆ ಬರುವುದು ಇದೇ ದಾರಿಯಲ್ಲಿ. ಈ ದಾರಿಯನ್ನು ಎಲ್ಲಿ ಕಡಿಯಬೇಕು ಎಂಬುದು ನಿಮಗೆ ಗೊತ್ತಾದರೆ ಬೆಳೆಯೂ ಉಳಿಯುತ್ತದೆ, ಹಸುವೂ ಉಳಿಯುತ್ತದೆ.

ಇನ್ನೊಂದು ಮಾತು. ಈರುಳ್ಳಿ ಕೈಕೊಟ್ಟ ವರ್ಷ ಮನೆ ನಡೆಸುವುದು ಹಾಲಿನ ಬಟವಾಡೆ. ಅಂಥ ವರ್ಷದಲ್ಲೇ ಕೊಳೆತ ಈರುಳ್ಳಿ ಹಸುವಿನ ಗೋದಲಿಗೆ ಬರುವುದೂ ಹೆಚ್ಚು. ಬೆಳೆ ಹೋದ ಮೇಲೆ ಹಸುವನ್ನೂ ಕಳೆದುಕೊಳ್ಳುವಂತಾಗಬಾರದು.

ರೋಗವನ್ನು ಗುರುತಿಸುವುದು ಹೇಗೆ?

ಮುಂಗಾರು ಈರುಳ್ಳಿಯ ಎಲೆಗೆ ಮುಖ್ಯವಾಗಿ ಮೂರು ಶಿಲೀಂಧ್ರ ರೋಗಗಳು ಬರುತ್ತವೆ.

ನೇರಳೆ ಮಚ್ಚೆ ರೋಗ: ಮೊದಲು ಎಲೆಯ ಮೇಲೆ ಸಣ್ಣ, ತಗ್ಗಾದ ಬಿಳಿ ಚುಕ್ಕೆ ಕಾಣುತ್ತದೆ. ಚುಕ್ಕೆ ದೊಡ್ಡದಾದಂತೆ ನಡುಭಾಗ ನೇರಳೆ ಬಣ್ಣಕ್ಕೆ ತಿರುಗಿ ಸುತ್ತಲೂ ಹಳದಿ ಅಂಚು ಮೂಡುತ್ತದೆ. ಹತ್ತಿರದಿಂದ ನೋಡಿದರೆ ಒಂದರೊಳಗೊಂದು ಉಂಗುರಗಳಿದ್ದಂತೆ ಕಾಣುತ್ತದೆ. ಮಚ್ಚೆ ಎಲೆಯನ್ನು ಸುತ್ತುವರಿದಾಗ ಎಲೆ ಅಲ್ಲಿಗೇ ಮುರಿದು ಬಾಗುತ್ತದೆ. ಹಳೆಯ ಎಲೆಗಳಿಗೆ ಇದು ಬೇಗ ತಗಲುತ್ತದೆ.

ಸ್ಟೆಂಫೀಲಿಯಂ ಎಲೆ ಅಂಗಮಾರಿ: ಎಲೆಯ ನಡುವೆ ಹಳದಿ ಅಥವಾ ಕಿತ್ತಳೆ ಬಣ್ಣದ ಸಣ್ಣ ಗೀಟುಗಳು ಬಂದು ಕದಿರಿನ ಆಕಾರದಲ್ಲಿ ಉದ್ದವಾಗುತ್ತವೆ. ಕೊನೆಗೆ ಎಲೆ ತುದಿಯಿಂದ ಸುಟ್ಟಂತೆ ಒಣಗುತ್ತದೆ. ನೇರಳೆ ಮಚ್ಚೆಯ ಜೊತೆಗೇ ಇದು ಬರುವುದೂ ಉಂಟು.

ಎಲೆ ತಿರುಚು ರೋಗ: ಎಲೆಗಳು ಹಾವಿನಂತೆ ಸುರುಳಿ ಸುತ್ತಿ ನೆಲಕ್ಕೆ ಬೀಳುತ್ತವೆ. ಬಣ್ಣ ಹಳದಿಯಾಗುತ್ತದೆ. ಕುತ್ತಿಗೆ ಉದ್ದವಾಗುತ್ತದೆ, ಗೆಡ್ಡೆ ದಪ್ಪವಾಗುವುದಿಲ್ಲ. ಮಳೆಗಾಲದಲ್ಲಿ ನೀರು ನಿಲ್ಲುವ ಹೊಲಗಳಲ್ಲಿ ಇದರ ಕಾಟ ಹೆಚ್ಚು.

ಗೆಡ್ಡೆಗೆ ಆಹಾರ ತಯಾರಾಗುವುದು ಎಲೆಯಲ್ಲಿ. ಎಲೆ ಹೋದರೆ ಗೆಡ್ಡೆ ಗೋಲಿಯಷ್ಟರಲ್ಲೇ ನಿಲ್ಲುತ್ತದೆ. ದಪ್ಪವಾದರೂ ಕುತ್ತಿಗೆ ಸರಿಯಾಗಿ ಒಣಗದೆ ಕೂಡಿಟ್ಟಲ್ಲಿ ಕೊಳೆಯುತ್ತದೆ.

ರೋಗ ಯಾಕೆ ಬರುತ್ತದೆ?

ಈ ಶಿಲೀಂಧ್ರಗಳು ಬೆಳೆಯಲು ಎಲೆ ಒದ್ದೆಯಾಗಿರಬೇಕು, ಹವೆ ಬೆಚ್ಚಗಿರಬೇಕು. ಆಶ್ಲೇಷ, ಮಘೆ ಮಳೆಯ ಕಾಲದಲ್ಲಿ ಬಿಡದೆ ಜಡಿ ಹಿಡಿದು, ಮೋಡ ಮುಸುಕಿ, ಬೆಳಗಿನ ಇಬ್ಬನಿ ಎಲೆಯ ಮೇಲೇ ಉಳಿದರೆ ಕೆಲವೇ ದಿನಗಳಲ್ಲಿ ಹೊಲವೆಲ್ಲ ಹರಡುತ್ತದೆ. ಮಳೆಯನ್ನು ನಾವು ತಡೆಯಲಾರೆವು. ಆದರೆ ರೋಗಕ್ಕೆ ಸಹಾಯ ಮಾಡುವ ಇನ್ನೂ ನಾಲ್ಕು ಸಂಗತಿಗಳಿವೆ. ಅವು ನಮ್ಮ ಕೈಯಲ್ಲೇ ಇವೆ.

ಮೊದಲನೆಯದು, ಒತ್ತಾದ ಪೈರು. ಕೂರಿಗೆಯಲ್ಲಿ ಬಿತ್ತಿದ ಮೇಲೆ ಹೆಚ್ಚಿನ ಸಸಿಗಳನ್ನು ತೆಗೆಯದಿದ್ದರೆ ಗಾಳಿಯಾಡದೆ ಎಲೆ ಒಣಗುವುದಿಲ್ಲ. ಎರಡನೆಯದು, ಅತಿಯಾದ ಯೂರಿಯಾ. ಎಲೆ ಕಡು ಹಸಿರಾಗಿ ಮೆತ್ತಗಾದಷ್ಟೂ ರೋಗಕ್ಕೆ ಸುಲಭ. ಮೂರನೆಯದು, ಥ್ರಿಪ್ಸ್ ನುಸಿ. ಈ ಸಣ್ಣ ಹುಳ ಎಲೆ ಕೆರೆದು ಮಾಡಿದ ಬಿಳಿ ಗಾಯದಿಂದ ಶಿಲೀಂಧ್ರ ಸುಲಭವಾಗಿ ಒಳಗೆ ಹೋಗುತ್ತದೆ. ನಾಲ್ಕನೆಯದು, ಹಿಂದಿನ ವರ್ಷದ ರೋಗದ ಎಲೆ. ಬೆಳೆ ಮುಗಿದ ಮೇಲೂ ಒಣಗಿದ ಎಲೆಚೂರಿನಲ್ಲಿ ಶಿಲೀಂಧ್ರ ಬದುಕಿರುತ್ತದೆ. ಆ ಎಲೆ ಹೊಲದಲ್ಲೇ ಉಳಿದರೂ ಸರಿ, ಅರೆಬರೆ ಕೊಳೆತ ಗೊಬ್ಬರದ ಜೊತೆ ತಿಪ್ಪೆಯಿಂದ ಬಂದರೂ ಸರಿ, ರೋಗ ಮತ್ತೆ ಅಲ್ಲಿಂದಲೇ ಏಳುತ್ತದೆ.

ಬಿತ್ತುವ ಮೊದಲೇ ಮಾಡಬೇಕಾದ ಕೆಲಸ

ತಳಿ: ಬೆಂಗಳೂರಿನ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಕಲ್ಯಾಣ್ ತಳಿ ಮುಂಗಾರಿಗೆ ಹೊಂದುತ್ತದೆ. ನೇರಳೆ ಮಚ್ಚೆ ರೋಗವನ್ನು ಸಾಧಾರಣ ಮಟ್ಟಿಗೆ ತಡೆದುಕೊಳ್ಳುತ್ತದೆ. ರೋಗವೇ ಬರುವುದಿಲ್ಲ ಎಂದಲ್ಲ, ಬಂದರೂ ನಷ್ಟ ಕಡಿಮೆ.

ಬೀಜೋಪಚಾರ: ನೇರಳೆ ಮಚ್ಚೆ ರೋಗ ಬೀಜದಿಂದಲೂ ಬರಬಹುದು. ರೋಗವಿದ್ದ ಹೊಲದ ಬೀಜ ಇಟ್ಟುಕೊಳ್ಳಬೇಡಿ. ಒಂದು ಕೆ.ಜಿ. ಬೀಜಕ್ಕೆ 2ರಿಂದ 3 ಗ್ರಾಂ ಥೈರಮ್ ಲೇಪಿಸಿ ಬಿತ್ತಿ. ಲೇಪಿಸಿ ಉಳಿದ ಬೀಜವನ್ನು ದನಕ್ಕಾಗಲಿ ಕೋಳಿಗಾಗಲಿ ಹಾಕಬೇಡಿ.

ನೀರು ಬಸಿಯಲಿ: ಸಸಿ ನಾಟಿ ಮಾಡುವವರು ಸುಮಾರು 15 ಸೆಂ.ಮೀ. ಎತ್ತರದ ಏರುಮಡಿ ಮಾಡಿ. ಸಾಲಿನಿಂದ ಸಾಲಿಗೆ 15 ಸೆಂ.ಮೀ., ಗಿಡದಿಂದ ಗಿಡಕ್ಕೆ 10 ಸೆಂ.ಮೀ. ಅಂತರ ಇರಲಿ. ಕೂರಿಗೆಯಲ್ಲಿ ಬಿತ್ತುವವರು ಮೊದಲ ಕಳೆ ತೆಗೆಯುವಾಗಲೇ ಒತ್ತಾದ ಪೈರನ್ನು ತೆಳುಗೊಳಿಸಿ, ಬಸಿಗಾಲುವೆ ತೆಗೆಯಿರಿ.

ಬೆಳೆ ಬದಲಾಯಿಸಿ: ಒಂದೇ ಹೊಲಕ್ಕೆ ವರ್ಷ ವರ್ಷ ಈರುಳ್ಳಿ ಹಾಕಿದರೆ ರೋಗ ಬೇರೂರುತ್ತದೆ. ಎರಡು ಮೂರು ವರ್ಷ ಬೇರೆ ಬೆಳೆ ಹಾಕಿ. ಬೆಳ್ಳುಳ್ಳಿ ಹಾಕಬೇಡಿ, ಅದೂ ಈರುಳ್ಳಿಯ ಕುಲವೇ. ಹೈನುಗಾರ ಮನೆಗೆ ಇದರಿಂದ ಎರಡು ಲಾಭ. ಆ ಹೊಲಕ್ಕೆ ಆಫ್ರಿಕನ್ ಟಾಲ್ ಮುಸುಕಿನ ಜೋಳ, ಮೇವಿನ ಜೋಳ, ನಡುವೆ ಅಲಸಂದೆ ಹಾಕಿದರೆ ರೋಗದ ಸರಪಳಿ ಮುರಿಯುತ್ತದೆ, ಹಸುವಿಗೆ ಹಸಿಮೇವೂ ಸಿಗುತ್ತದೆ. ಎಳೆಯ ಜೋಳ ಮತ್ತು ಮಳೆಯಿಲ್ಲದೆ ಬಾಡಿದ ಜೋಳದಲ್ಲಿ ವಿಷ ಇರಬಹುದು. ಜೋಳ ಹೂ ಬಿಟ್ಟ ಮೇಲೆಯೇ ಕೊಯ್ದು ಹಾಕಿ.

ಗೊಬ್ಬರ: ಹಸಿ ಸಗಣಿಯನ್ನು ಈರುಳ್ಳಿ ಹೊಲಕ್ಕೆ ಹಾಕಬೇಡಿ. ಪೂರ್ತಿ ಕಳಿತು ಮಣ್ಣಿನ ವಾಸನೆ ಬರುವ ಗೊಬ್ಬರ ಮಾತ್ರ ಹಾಕಿ. ಯೂರಿಯಾವನ್ನು ಕಂತಿನಲ್ಲಿ ಕೊಡಿ, ಗೆಡ್ಡೆ ಬಲಿಯುವ ಹೊತ್ತಿಗೆ ನಿಲ್ಲಿಸಿ.

ಔಷಧಿ ಯಾವಾಗ, ಎಷ್ಟು?

ಪೈರು ಒಂದು ತಿಂಗಳಿನದಾದ ಮೇಲೆ ವಾರಕ್ಕೆರಡು ಸಲ ಹೊಲದ ನಾಲ್ಕು ಮೂಲೆ ಮತ್ತು ನಡುವೆ ನಿಂತು ಕೆಳಗಿನ ಎಲೆಗಳನ್ನು ನೋಡಿ. ಮೊದಲ ಬಿಳಿ ಚುಕ್ಕೆ ಕಂಡಾಗ ಹೊಡೆದ ಔಷಧಿ ಕೆಲಸ ಮಾಡುತ್ತದೆ. ಹೊಲ ಕೆಂಪಾದ ಮೇಲೆ ಹೊಡೆದದ್ದು ಬರೀ ಖರ್ಚು.

ಮೊದಲ ಸಿಂಪಡಣೆಗೆ ಮ್ಯಾಂಕೋಜೆಬ್ ಪುಡಿಯನ್ನು ಲೀಟರ್ ನೀರಿಗೆ 2ರಿಂದ 2.5 ಗ್ರಾಂ ಬೆರೆಸಿ ಹೊಡೆಯುವುದು ರೂಢಿಯಲ್ಲಿರುವ ಶಿಫಾರಸು. ರೋಗ ಮುಂದುವರಿದರೆ 10ರಿಂದ 15 ದಿನ ಬಿಟ್ಟು ಬೇರೆ ಗುಂಪಿನ ಔಷಧಿ ಬಳಸಬೇಕು. ಹೆಕ್ಸಾಕೊನಜೋಲ್ ಅಥವಾ ಪ್ರೊಪಿಕೊನಜೋಲ್ ಆದರೆ ಲೀಟರಿಗೆ 1 ಮಿ.ಲೀ., ಟ್ರೈಸೈಕ್ಲಜೋಲ್ ಆದರೆ ಲೀಟರಿಗೆ 1 ಗ್ರಾಂ. ಒಂದೇ ಔಷಧಿಯನ್ನು ಮತ್ತೆ ಮತ್ತೆ ಹೊಡೆದರೆ ಶಿಲೀಂಧ್ರಕ್ಕೆ ಅದು ಒಗ್ಗಿಹೋಗುತ್ತದೆ. ಕೊಳ್ಳುವ ಮುನ್ನ ನಿಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಅಥವಾ ತೋಟಗಾರಿಕೆ ಇಲಾಖೆಯಲ್ಲಿ ರೋಗದ ಎಲೆ ತೋರಿಸಿ, ಅವರು ಹೇಳಿದ ಔಷಧಿಯನ್ನೇ ತನ್ನಿ.

ಈರುಳ್ಳಿ ಎಲೆಯ ಮೇಲೆ ಮೇಣದಂಥ ಪದರ ಇರುತ್ತದೆ, ಎಲೆ ನೆಟ್ಟಗೆ ನಿಂತಿರುತ್ತದೆ. ಬರೀ ಔಷಧಿ ನೀರು ಜಾರಿ ನೆಲಕ್ಕೆ ಬೀಳುತ್ತದೆ. ಆದ್ದರಿಂದ ಪ್ರತಿ ಸಲವೂ ಅಂಟು ದ್ರಾವಣ ಬೆರೆಸಲೇಬೇಕು. ಥ್ರಿಪ್ಸ್ ಇದ್ದರೆ ಅದನ್ನೂ ಹತೋಟಿಗೆ ತನ್ನಿ, ಇಲ್ಲದಿದ್ದರೆ ರೋಗ ನಿಲ್ಲುವುದಿಲ್ಲ.

ಸಿಂಪಡಣೆಗೆ ನೀರು ಹೊರುವವರು, ಔಷಧಿ ಕಲಸುವವರು ಬಹಳ ಕಡೆ ಹೆಂಗಸರೇ. ಕೈಗವಸು ಹಾಕಿಕೊಳ್ಳಿ, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಳ್ಳಿ. ಗರ್ಭಿಣಿಯರು ಮತ್ತು ಎಳೆ ಬಾಣಂತಿಯರು ಈ ಕೆಲಸಕ್ಕೆ ಹೋಗಬಾರದು. ಹಾಲು ಕರೆಯುವ ಬಕೆಟ್ಟಿನಲ್ಲಿ, ಹಸು ನೀರು ಕುಡಿಯುವ ತೊಟ್ಟಿಯ ಬಳಿ ಔಷಧಿ ಕಲಸಬೇಡಿ. ಪಂಪು ತೊಳೆದ ನೀರು ಕೆರೆ ಕುಂಟೆಗೆ ಹೋಗದಿರಲಿ. ಸಿಂಪಡಿಸಿದವರು ಸ್ನಾನ ಮಾಡಿ ಬಟ್ಟೆ ಬದಲಿಸಿದ ಮೇಲೆಯೇ ಹಸುವಿನ ಕೆಚ್ಚಲಿಗೆ ಕೈ ಹಾಕಬೇಕು. ಖಾಲಿ ಡಬ್ಬಗಳನ್ನು ತೂತು ಮಾಡಿ, ಮನೆ ಬಳಕೆಗೆ ಸಿಗದಂತೆ ಮಾಡಿ.

ಸಿಂಪಡಿಸಿದ ಹೊಲದ ಕಳೆ

ಈರುಳ್ಳಿ ಸಾಲಿನಲ್ಲಿ ಕಿತ್ತ ಕಳೆ ನೋಡಲು ಒಳ್ಳೆಯ ಹಸಿಹುಲ್ಲು. ಆದರೆ ಪೈರಿಗೆ ಬಿದ್ದ ಔಷಧಿ ಆ ಕಳೆಗೂ ಬಿದ್ದಿರುತ್ತದೆ. ಶಿಲೀಂಧ್ರನಾಶಕದ ಜೊತೆಗೆ ಥ್ರಿಪ್ಸ್‌ಗೆಂದು ಹಾಕುವ ಕೀಟನಾಶಕ ಹಸುವಿಗೆ ಇನ್ನೂ ಅಪಾಯಕಾರಿ. ಆರ್ಗನೋಫಾಸ್ಫರಸ್ ಗುಂಪಿನ ಕೀಟನಾಶಕ ಹೊಟ್ಟೆಗೆ ಹೋದರೆ ಹಸು ಜೊಲ್ಲು ಸುರಿಸುತ್ತದೆ, ಮೈ ನಡುಗುತ್ತದೆ, ಭೇದಿಯಾಗುತ್ತದೆ, ಕಣ್ಣಿನ ಪಾಪೆ ಕಿರಿದಾಗುತ್ತದೆ, ಉಸಿರಾಟ ಕಷ್ಟವಾಗುತ್ತದೆ. ಇದಕ್ಕೆ ಅಟ್ರೋಪಿನ್ ಎಂಬ ಚುಚ್ಚುಮದ್ದು ಇದೆ, ಆದರೆ ಬೇಗ ಕೊಡಬೇಕು. ಕೂಡಲೇ ವೈದ್ಯರನ್ನು ಕರೆಸಿ, ಔಷಧಿ ಡಬ್ಬವನ್ನು ತೋರಿಸಿ.

ಕಳೆ ಬೇಕೇ ಬೇಕು ಎಂದಾದರೆ ಸಿಂಪಡಣೆಗೆ ಮೊದಲು ಕಿತ್ತು ತನ್ನಿ. ಸಿಂಪಡಿಸಿದ ಹೊಲದ ಕಳೆ, ಬದುವಿನ ಹುಲ್ಲು ಆ ಬೆಳೆ ಮುಗಿಯುವವರೆಗೂ ಗೋದಲಿಗೆ ಬೇಡ. ಕೃತಕ ಗರ್ಭಧಾರಣೆ ಮಾಡಿಸಿದ ತಾರೀಖನ್ನು ಕೊಟ್ಟಿಗೆಯ ಗೋಡೆಗೆ ಬರೆಯುವ ಅಭ್ಯಾಸ ನಿಮ್ಮಲ್ಲಿ ಅನೇಕರಿಗಿದೆ. ಅದರ ಪಕ್ಕದಲ್ಲೇ ಯಾವ ಹೊಲಕ್ಕೆ ಯಾವ ದಿನ ಯಾವ ಔಷಧಿ ಹೊಡೆದಿರಿ ಎಂದೂ ಬರೆಯಿರಿ. ಮೇವು ತರಲು ಯಾರೇ ಹೋದರೂ ಕಣ್ಣಿಗೆ ಬೀಳುತ್ತದೆ. ಹಸುವಿಗೆ ಕಾಯಿಲೆಯಾದಾಗ ವೈದ್ಯರಿಗೂ ಅದು ಉಪಯೋಗಕ್ಕೆ ಬರುತ್ತದೆ.

ಹಸುವಿಗೆ ಈರುಳ್ಳಿ ಹಾಕಬೇಡಿ

ರೋಗ ಬಿದ್ದ ವರ್ಷ ಗೋಲಿ ಈರುಳ್ಳಿ, ಕೊಳೆತ ಗೆಡ್ಡೆ, ಕೊಯ್ದ ಎಲೆ ರಾಶಿ ಬೀಳುತ್ತದೆ. ಮಾರುಕಟ್ಟೆಗೆ ಒಯ್ದರೆ ಬಾಡಿಗೆಯೂ ಹುಟ್ಟುವುದಿಲ್ಲ. ಹಸುವಾದರೂ ತಿನ್ನಲಿ ಎಂದು ಹಾಕುತ್ತೇವೆ. ಹಸು ರುಚಿ ಹತ್ತಿ ತಿನ್ನುತ್ತದೆ ಕೂಡ.

ಈರುಳ್ಳಿಯಲ್ಲಿರುವ ಗಂಧಕದ ಅಂಶಗಳು ದನದ ಹೊಟ್ಟೆಯಲ್ಲಿ ಬದಲಾಗಿ ರಕ್ತ ಸೇರಿ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಒಡೆದ ಕಣಗಳ ಬಣ್ಣ ಮೂತ್ರದಲ್ಲಿ ಹೋಗುತ್ತದೆ, ಹಸುವಿನ ಮೈಯಲ್ಲಿ ರಕ್ತ ಕಡಿಮೆಯಾಗುತ್ತದೆ. ಒಣಗಿಸಿದರೂ ಬೇಯಿಸಿದರೂ ಈ ಗುಣ ಹೋಗುವುದಿಲ್ಲ. ಎಲೆಯಲ್ಲೂ ಇದೆ, ಗೆಡ್ಡೆಯಲ್ಲೂ ಇದೆ.

"ಹೊಲಕ್ಕೆ ಮಂದೆ ಹಾಕಿದಾಗ ಕುರಿಗಳು ಈರುಳ್ಳಿ ತಿಂದವು, ಏನೂ ಆಗಲಿಲ್ಲವಲ್ಲ" ಎಂದು ಹಲವರು ಕೇಳುತ್ತಾರೆ. ಕುರಿ, ಮೇಕೆಗಳು ಈರುಳ್ಳಿಯನ್ನು ಹಸುವಿಗಿಂತ ಹೆಚ್ಚು ತಾಳಿಕೊಳ್ಳುತ್ತವೆ. ಸಾಕುಪ್ರಾಣಿಗಳಲ್ಲಿ ಈರುಳ್ಳಿಯಿಂದ ಬೇಗ ತೊಂದರೆಗೆ ಸಿಗುವುದು ದನ. ಕುರಿಯನ್ನು ನೋಡಿ ಹಸುವಿಗೆ ಹಾಕಬೇಡಿ. ಎಮ್ಮೆಗೂ ಇದೇ ಎಚ್ಚರ ಇರಲಿ.

ಲಕ್ಷಣಗಳು ತಿಂದ ದಿನವೇ ಕಾಣುವುದಿಲ್ಲ. ಕೆಲವು ದಿನ, ಕೆಲವೊಮ್ಮೆ ಒಂದು ವಾರದ ನಂತರ ಕಾಣುತ್ತವೆ. ಅಷ್ಟರಲ್ಲಿ ಈರುಳ್ಳಿ ಹಾಕಿದ್ದು ಮರೆತೇ ಹೋಗಿರುತ್ತದೆ. ನಾನು ನೋಡಿದ ಒಂದು ಹಸುವಿನ ಕಥೆ ಹೀಗೆಯೇ. ದಿನಕ್ಕೆ 9 ಲೀಟರ್ ಕೊಡುತ್ತಿದ್ದ ಮಿಶ್ರತಳಿ ಹಸು. ನಾಲ್ಕು ದಿನ ಕೊಳೆತ ಈರುಳ್ಳಿ ತಿಂದಿತ್ತು. ಆರನೆಯ ದಿನ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತು. ಮನೆಯವರು ಉಣ್ಣೆ ಜ್ವರ ಎಂದುಕೊಂಡು ಎರಡು ದಿನ ನಾಟಿ ಔಷಧಿ ಹಾಕಿದ್ದರು. ಹಿಂದಿನ ವಾರ ಏನು ತಿಂದಿತ್ತು ಎಂದು ಕೇಳಿದಾಗ ಉತ್ತರ ಹೇಳಿದವಳು ಮೇವು ಹಾಕುತ್ತಿದ್ದ ಸೊಸೆ. ಹಸು ಉಳಿಯಿತು. ಆದರೆ ಹಾಲು 3 ಲೀಟರಿಗೆ ಇಳಿದು ಆ ಸೂಲಿನಲ್ಲಿ ಮತ್ತೆ ಏರಲೇ ಇಲ್ಲ.

ಈ ಲಕ್ಷಣಗಳನ್ನು ನೋಡಿ:

• ಮೇವು ಬಿಡುವುದು, ಹಾಲು ಒಮ್ಮೆಲೇ ಇಳಿಯುವುದು.
• ನಡೆಯುವಾಗ ತೂರಾಡುವುದು, ನಿಂತಲ್ಲೇ ಏದುಸಿರು ಬಿಡುವುದು.
• ಕಣ್ಣಿನ ಕೆಳರೆಪ್ಪೆ ಎಳೆದು ನೋಡಿದರೆ ಒಳಗೆ ಬಿಳಿಚಿರುವುದು ಅಥವಾ ಹಳದಿಯಾಗಿರುವುದು.
• ಮೂತ್ರ ಕೆಂಪು ಅಥವಾ ಕಾಫಿ ಬಣ್ಣಕ್ಕೆ ತಿರುಗುವುದು.
• ಉಸಿರಿನಲ್ಲಿ, ಹಾಲಿನಲ್ಲಿ ಈರುಳ್ಳಿ ವಾಸನೆ.

ಕೆಂಪು ಮೂತ್ರ ಬೇರೆ ಕಾಯಿಲೆಗಳಲ್ಲೂ ಬರುತ್ತದೆ. ಉಣ್ಣೆಯಿಂದ ಬರುವ ಬೆಬೀಸಿಯಾ ಜ್ವರದಲ್ಲಿ ಬರುತ್ತದೆ. ಕರು ಹಾಕಿದ ಕೆಲವು ವಾರಗಳಲ್ಲಿ ರಂಜಕದ ಕೊರತೆಯಿಂದಲೂ ಬರುತ್ತದೆ. ಒಂದೊಂದಕ್ಕೂ ಚಿಕಿತ್ಸೆ ಬೇರೆ. ಹಾಗಾಗಿ ಮೂತ್ರವನ್ನು ಬಿಳಿ ಬಾಟಲಿಯಲ್ಲಿ ಹಿಡಿದಿಡಿ. ಕಳೆದ ಹತ್ತು ದಿನ ಹಸು ಏನೇನು ತಿಂದಿತು ಎಂದು ವೈದ್ಯರಿಗೆ ಬಿಚ್ಚಿ ಹೇಳಿ. ಈರುಳ್ಳಿ ಹಾಕಿದ್ದನ್ನು ಹೇಳಲು ಸಂಕೋಚ ಬೇಡ, ಆ ಒಂದು ಮಾತು ಹಸುವಿನ ಜೀವ ಉಳಿಸುತ್ತದೆ. ಈರುಳ್ಳಿ ವಿಷಕ್ಕೆ ಪ್ರತಿಮದ್ದು ಇಲ್ಲ. ಈರುಳ್ಳಿ ನಿಲ್ಲಿಸಿ, ಹಸುವನ್ನು ನಡೆಸದೆ ನೆರಳಿನಲ್ಲಿ ಕಟ್ಟಿ, ಒಳ್ಳೆಯ ಮೇವು ನೀರು ಕೊಟ್ಟು, ವೈದ್ಯರ ಆರೈಕೆಯಲ್ಲಿ ರಕ್ತ ತುಂಬುವಂತೆ ನೋಡಿಕೊಳ್ಳಬೇಕು. ಪರಿಸ್ಥಿತಿ ಬಿಗಡಾಯಿಸಿದರೆ ಬೇರೆ ದನದ ರಕ್ತ ಕೊಡಬೇಕಾಗಬಹುದು. ಸ್ಥಳೀಯ ವೈದ್ಯರು ಸಿಗದಿದ್ದರೆ ಪಶು ಸಂಜೀವಿನಿ ಸಹಾಯವಾಣಿ 1962ಕ್ಕೆ ಕರೆ ಮಾಡಿ.

ಹಸುವಿಗೆ ಕಾಯಿಲೆ ಬಾರದಿದ್ದರೂ ಹಾಲು ಕೆಡುತ್ತದೆ. ಈರುಳ್ಳಿ ತಿಂದ ಕೆಲವೇ ಗಂಟೆಗಳಲ್ಲಿ ವಾಸನೆ ಹಾಲಿಗೆ ಇಳಿಯುತ್ತದೆ. ಸಂಘದಲ್ಲಿ ಅಂಥ ಹಾಲನ್ನು ವಾಪಸು ಕಳಿಸಿದರೆ ಆ ಹೊತ್ತಿನ ದುಡಿಮೆ ಹೋಯಿತು. ಗೊತ್ತಾಗದೆ ಶೀತಲೀಕರಣ ತೊಟ್ಟಿಗೆ ಸೇರಿದರೆ ಊರಿನ ಎಲ್ಲರ ಹಾಲೂ ಕೆಡುತ್ತದೆ. ಈರುಳ್ಳಿ ರಾಶಿಯನ್ನು ಕೊಟ್ಟಿಗೆಯಲ್ಲಿ ಇಡಬೇಡಿ. ಕಟ್ಟು ಬಿಚ್ಚಿಕೊಂಡ ಹಸು ರಾತ್ರಿ ತಿಂದುಬಿಡಬಹುದು.

ಹಾಗಾದರೆ ರೋಗದ ಎಲೆ ಎಲ್ಲಿಗೆ ಹಾಕುವುದು?

ಹೊಲದಲ್ಲಿ ಬಿಟ್ಟರೆ ರೋಗ ಉಳಿಯುತ್ತದೆ. ಹಸುವಿಗೆ ಹಾಕಿದರೆ ರಕ್ತ ಒಡೆಯುತ್ತದೆ. ದಿನದ ತಿಪ್ಪೆಗೆ ಎಸೆದರೆ ಗೊಬ್ಬರದ ಜೊತೆ ಹೊಲಕ್ಕೆ ವಾಪಸು ಹೋಗುತ್ತದೆ. ಉಳಿದ ದಾರಿ ಎಂದರೆ ಬೇರೆಯಾಗಿ ಕೊಳೆಸುವುದು.

ಬಾವಿ, ಕುಂಟೆಯಿಂದ ದೂರ, ದನ ಬಾರದ ಜಾಗದಲ್ಲಿ ಒಂದು ಗುಂಡಿ ಅಥವಾ ಬೇಲಿ ಹಾಕಿದ ರಾಶಿ ಮಾಡಿ. ಎಲೆ ಮತ್ತು ಕೊಳೆತ ಗೆಡ್ಡೆಯ ಮೇಲೆ ಒಂದು ಪದರ ಸಗಣಿ, ಅದರ ಮೇಲೆ ಒಣ ಹುಲ್ಲು ಅಥವಾ ತರಗು, ಹೀಗೆ ಮೂರು ನಾಲ್ಕು ಅಡಿ ಎತ್ತರ ಪೇರಿಸಿ. ಹಿಂಡಿದರೆ ನೀರು ಸುರಿಯದಷ್ಟು ತೇವ ಇರಲಿ. ರಾಶಿ ಸರಿಯಾಗಿದ್ದರೆ ಒಳಗೆ 55ರಿಂದ 60 ಡಿಗ್ರಿ ಸೆಲ್ಸಿಯಸ್ ಶಾಖ ಏಳುತ್ತದೆ. ಒಳಗೆ ಚುಚ್ಚಿಟ್ಟ ಕಬ್ಬಿಣದ ಸಲಾಕೆಯನ್ನು ಹತ್ತು ನಿಮಿಷದ ನಂತರ ತೆಗೆದು ಮುಟ್ಟಿದರೆ ಕೈ ಇಡಲಾಗದಷ್ಟು ಬಿಸಿ ಇರಬೇಕು. ಆ ಶಾಖದಲ್ಲಿ ಬಹುಪಾಲು ರೋಗಾಣು ಸಾಯುತ್ತವೆ. ಅಂಚಿನ ಎಲೆಗೆ ಶಾಖ ತಾಗುವುದಿಲ್ಲ, ಆದ್ದರಿಂದ ಹದಿನೈದು ದಿನಕ್ಕೊಮ್ಮೆ ಹೊರಗಿನದು ಒಳಗೆ ಬರುವಂತೆ ತಿರುವಿ ಹಾಕಿ. ಮೂರು ನಾಲ್ಕು ತಿಂಗಳಲ್ಲಿ ಗೊಬ್ಬರವಾಗುತ್ತದೆ. ಅದನ್ನು ಮೊದಲ ವರ್ಷ ರಾಗಿಗೆ, ಜೋಳಕ್ಕೆ, ಮೇವಿನ ಬೆಳೆಗೆ ಹಾಕಿ. ಈರುಳ್ಳಿ ಹೊಲಕ್ಕೆ ಬೇಡ.

ಇಷ್ಟು ನೆನಪಿಡಿ

1. ವಾರಕ್ಕೆರಡು ಸಲ ಕೆಳಗಿನ ಎಲೆ ನೋಡಿ, ಮೊದಲ ಚುಕ್ಕೆಗೇ ಎಚ್ಚರವಾಗಿ.
2. ಅಂಟು ದ್ರಾವಣವಿಲ್ಲದೆ ಸಿಂಪಡಿಸಬೇಡಿ, ಔಷಧಿಯ ಗುಂಪು ಬದಲಿಸಿ.
3. ಸಿಂಪಡಣೆ ತಾರೀಖು ಕೊಟ್ಟಿಗೆ ಗೋಡೆಯ ಮೇಲಿರಲಿ.
4. ಸಿಂಪಡಿಸಿದ ಹೊಲದ ಕಳೆ, ಈರುಳ್ಳಿ ಎಲೆ, ಗೆಡ್ಡೆ ಗೋದಲಿಗೆ ಬೇಡ.
5. ರೋಗದ ಎಲೆಗೆ ಬೇರೆ ಗುಂಡಿ ಮಾಡಿ.
6. ಈರುಳ್ಳಿ ತೆಗೆದ ಹೊಲಕ್ಕೆ ಮುಂದಿನ ವರ್ಷ ಮೇವು ಹಾಕಿ.
7. ಕೆಂಪು ಮೂತ್ರ ಕಂಡ ದಿನವೇ ವೈದ್ಯರನ್ನು ಕರೆಸಿ, ತಿಂದದ್ದನ್ನು ಹೇಳಿ.

ಮುಂದಿನ ತಿಂಗಳ ಸಂಘದ ಸಭೆಯಲ್ಲಿ ಇದನ್ನು ಓದಿ ಹೇಳಿ. ಓದು ಬಾರದ ಅಕ್ಕಪಕ್ಕದವರಿಗೂ ತಿಳಿಸಿ. ನಿಮ್ಮ ಊರಿನಲ್ಲಿ ಈರುಳ್ಳಿ ಕೀಳುವ ಕಾಲಕ್ಕೆ ಮೊದಲೇ ಗುಂಡಿ ತೋಡಿ ಇಟ್ಟರೆ, ರಾಶಿ ಬಿದ್ದ ದಿನ ಎಲ್ಲಿಗೆ ಹಾಕುವುದು ಎಂಬ ಯೋಚನೆಯೇ ಇರುವುದಿಲ್ಲ.